ತಿಕೋಟಾ-ಒಂದು

ಎರಡು ಹಸಿರು ದೀಪ, ಅಕ್ಕಪಕ್ಕ, ರೆಪ್ಪೆಯಿಲ್ಲದ ಕಣ್ಣಿನ ಹಾಗೆ, ಎದ್ದಿತು ಅಂದರೆ, ಹೊಸ ಸರ್ವರ್ ಎದ್ದಿತು — ಕರ್ಪೂರದ ವಾಸನೆ ಇನ್ನೂ ಈ ಕೋಣೆ ಬಿಟ್ಟಿಲ್ಲ, ಎ.ಸಿ. ಅದನ್ನೇ ಸುತ್ತಿ ಸುತ್ತಿ ಮುಖಕ್ಕೆ ಊದುತ್ತಿದೆ, ಬೆಳಗ್ಗೆ ಮ್ಯಾನೇಜರ್ ಗುರುಪಾದಯ್ಯನವರು ಇದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಾಗ ನೀರು ತಂತಿಗೆ ಸಿಡಿದೀತೆಂದು ನಾನು ಎರಡೂ ಕೈ ಅಡ್ಡ ಹಿಡಿದೆ, ಅವರು ನಕ್ಕರು, ನಿರ್ಮಲಾ, ದೇವರ ನೀರಿಗೆ ಶಾರ್ಟ್ ಆಗೂದಿಲ್ಲವಾ, ಅಮಾಸಿ ಐತಿ, ಹಮಾಲರಿಗೆ ಸೂಟಿ, ಒಂದೂ ಗಾಡಿ ಬರೂದಿಲ್ಲ, ಇವತ್ತ ನಿನ್ನ ನಕಲ್ ಕೆಲಸ ಮುಗಿಸಿಬಿಡು — ನಕಲು ಅನ್ನುತ್ತಾರೆ ಅವರು, ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿ ಬರೆದ ಹಾಗೆ — ಹಳೆಯ ಸರ್ವರ್ ಕಪಾಟಿನ ಮೇಲಿನ ಅಂಕಣದಲ್ಲಿ ಕಪ್ಪಗೆ ಮಲಗಿದೆ, ನಾನೇ ಮಲಗಿಸಿದ್ದು, ಅದರ ಹೆಸರು ತಿಕೋಟಾ-ಒಂದು, ತಿಕೋಟಾದ ಕೋಲ್ಡ್ ಸ್ಟೋರೇಜಿನಲ್ಲಿ ಯಾರ ಒಣದ್ರಾಕ್ಷಿ ಯಾವ ಕೋಣೆಯಲ್ಲಿದೆ, ಯಾವ ಕೋಣೆಯಲ್ಲಿ ಎಷ್ಟು ಥಂಡಿ, ಎಲ್ಲ ಅದಕ್ಕೆ ಗೊತ್ತು, ಈಗ ಬಬಲೇಶ್ವರದಲ್ಲೂ ಒಂದು ಕೋಲ್ಡ್ ಸ್ಟೋರೇಜ್ ಕಟ್ಟಿದ್ದಾರೆ, ಅದಕ್ಕೂ ಇಂಥದೇ ಬೇಕು, ಮೊದಲಿನಿಂದ ಯಾರು ಕಲಿಸುತ್ತ ಕೂರುತ್ತಾರೆ, ಇದ್ದದ್ದನ್ನೇ ಇನ್ನೊಂದು ಮಾಡು. ಎರಡರ ಹೊಟ್ಟೆಯಲ್ಲೂ ಡಿಸ್ಕ್ ಇಲ್ಲ, ನೆನಪೆಲ್ಲ ಮೂಲೆಯ ಆ ದೊಡ್ಡ ಪೆಟ್ಟಿಗೆಯಲ್ಲಿ, ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ, ಬಟನ್ ಒತ್ತಿದರೆ ಸರ್ವರ್ ತಂತಿಯ ಮೂಲಕ ಕೇಳುತ್ತದೆ, ನಾನು ಯಾರು, ಪೆಟ್ಟಿಗೆ ತನ್ನೊಳಗಿನ ಒಂದು ಡಿಸ್ಕ್ ತೋರಿಸಿ ಹೇಳುತ್ತದೆ, ನೀನು ಇಂಥವಳು, ಅದು ನಂಬುತ್ತದೆ, ಎದ್ದು ಕೆಲಸಕ್ಕೆ ಹತ್ತುತ್ತದೆ, ನಂಬದೆ ಏನು ಮಾಡೀತು — ಒಂದೇ ಡಿಸ್ಕನ್ನು ಇಬ್ಬರಿಗೂ ತೋರಿಸಬಾರದು, ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದು ಎಲ್ಲವೂ ಹಾಳು, ಅದಕ್ಕೇ ಹಳೆಯದನ್ನು ಮಲಗಿಸಿ ಅದರ ಡಿಸ್ಕಿನ ಪ್ರತಿ ತೆಗೆದೆ, ಪ್ರತಿಯನ್ನು ಹೊಸದಕ್ಕೆ ಮಾತ್ರ ತೋರಿಸಿದೆ, ಎಲ್ಲ ಸರಿ, ಪ್ರತಿಯಾಗುವಾಗ ಪರದೆಯ ಮೇಲೆ ಗೆರೆಯೊಂದು ಇರುವೆ ಸಾಲಿನ ಹಾಗೆ ಹರಿಯುತ್ತಿತ್ತು, ಅದು ಮುಗಿದು ಇದನ್ನು ಎಬ್ಬಿಸುವ ಹೊತ್ತಿಗೆ ಸರಿಯಾಗಿ ಕಾಖಂಡಕಿಯಿಂದ ಅವ್ವನ ಫೋನು, ನಿಮ್ಮಿ, ಅಮಾಸಿ ದಿನ ಅವರಿಗೆ ಹೂಂ ಅನ್ನೂದು ಬ್ಯಾಡ, ನಾಳಿ ಪಾಡ್ಯ, ಮುಂಜಾನೆ ಬಬಲೇಶ್ವರದವರು ಬರ್ತಾರ, ಇವತ್ತ ನನಗಷ್ಟ ಹೇಳಿಬಿಡು, ಹೇಳ್ತೀನಿಬೇ, ಸಂಜೀಕ ಹೇಳ್ತೀನಿ, ಈಗ ಕೆಲಸದಾಗ ಅದೀನಿ, ಅನ್ನುತ್ತ ಬಟನ್ ಒತ್ತಿದೆ.

ಬಬಲೇಶ್ವರದವರು ಅಂದರೆ ಅಕ್ಕನ ಮನೆಯವರು, ಅಕ್ಕ ವಿಜಯಲಕ್ಷ್ಮೀ ಹೋದ ಮಳೆಗಾಲದ ಜ್ವರದಲ್ಲಿ ತೀರಿಕೊಂಡಳು, ಮಗಳಿಗಿನ್ನೂ ನೆಟ್ಟಗೆ ಮಾತು ಬಂದಿಲ್ಲ, ಅವಳ ಗಂಡ ಭೀಮಾಶಂಕರ ಮಾಮಾ ಒಳ್ಳೆಯವರು, ಡ್ರಿಪ್ ಪೈಪಿನ ಅಂಗಡಿ, ನನ್ನೆದುರು ಕೂತರೆ ನೆಲ ನೋಡುತ್ತಾರೆ, ಉಳಿದವರೆಲ್ಲ ನನ್ನನ್ನೇ ನೋಡುತ್ತಾರೆ, ಹೊರಗಿನಕಿ ಯಾಕ ಬೇಕು, ಕೂಸಿಗೆ ಇಕಿ ಮೈವಾಸನಿ ಗೊತ್ತೈತಿ, ಮಾರಿನೂ ಥೇಟ್ ಅಕ್ಕನಂಗ ಐತಿ — ವರ್ಷದ ಪೂಜೆಗೆ ಹೋದಾಗ ಅಕ್ಕನ ಅತ್ತೆ ರಾಚವ್ವ ನನ್ನನ್ನು ಒಳಗೆ ಕರೆದು ಟ್ರಂಕು ತೆರೆದಳು, ಅಕ್ಕನ ಕುಪ್ಪಸವನ್ನು ನನ್ನ ಬೆನ್ನಿಗೆ ಹಿಡಿದು ನೋಡಿದಳು, ಒಂದು ಹೊಲಿಗಿ ಬಿಚ್ಚೂ ಹಂಗಿಲ್ಲ ನೋಡು, ಆಮೇಲೆ ಸೆರಗಿನ ಗಂಟು ಬಿಚ್ಚಿ ಪದಕ ತೆಗೆದಳು, ಹೆಬ್ಬೆರಳ ಉಗುರಿನಷ್ಟು ಬಂಗಾರದ ತಗಡು, ಅದರ ಮೇಲೆ ಹೆಣ್ಣಿನ ಮುಖ, ಸತ್ತ ಮೊದಲನೆಯವಳ ಹೆಸರಿನಲ್ಲಿ ಎರಡನೆಯವಳು ತಾಳಿಯ ಜೊತೆ ಪೋಣಿಸಿಕೊಳ್ಳುವುದು, ಹಬ್ಬದ ಎಡೆಯನ್ನು ಮೊದಲು ಅದಕ್ಕೆ ತೋರಿಸಿ ಆಮೇಲೆ ತಾನು ಉಣ್ಣುವುದು, ನನ್ನನ್ನು ಕೇಳುವ ಮೊದಲೇ ಪತ್ತಾರನಿಗೆ ಹೇಳಿ ಮಾಡಿಸಿಟ್ಟಿದ್ದಳು, ಅಕಿ ನಿಮ್ಮಕ್ಕನ ಅಲ್ಲೇನು, ಬ್ಯಾರೆ ಸವತಿ ಹಂಗ ಕಾಡೂದಿಲ್ಲ, ಆದ್ರೂ ಇರಲಿ ಅಂತ ಮಾಡ್ಸೀನಿ — ಅಂಗೈಯಲ್ಲಿಟ್ಟುಕೊಂಡು ನಾನು ಅಕ್ಕನನ್ನು ಹುಡುಕಿದೆ, ಅಕ್ಕನ ಎಡಗಲ್ಲದ ಮೇಲೆ ಚಿಕ್ಕಂದಿನ ಗಾಯದ ಕಲೆಯಿತ್ತು, ನಕ್ಕರೆ ಹಲ್ಲಿನ ಸಂದು ಕಾಣುತ್ತಿತ್ತು, ತಗಡಿನಲ್ಲಿ ಅದೇನೂ ಇಲ್ಲ, ಕಣ್ಣಿಗೆ ಎರಡು ಚುಕ್ಕೆ, ಮೂಗಿಗೆ ಒಂದು ಗೆರೆ, ಬಾಯಿ ಮಾತ್ರ ಪತ್ತಾರ ಮಾಡಿರಲಿಲ್ಲ, ಮರೆತನೋ, ಇಷ್ಟು ಸಣ್ಣ ತಗಡಿಗೆ ಇಷ್ಟು ಸಾಕೆಂದನೋ.

ಅಕ್ಕನ ಮದುವೆ ಗೊತ್ತಾದ ಮೇಲೆ ಮಾಮಾ ದಿನಾ ಸಂಜೆ ಫೋನು ಮಾಡುತ್ತಿದ್ದರು, ಒಂದು ಸಂಜೆ ಅಕ್ಕ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು, ಎರಡೂ ಕೈ ಎಣ್ಣೆ, ನಿಮ್ಮಿ ನೀನ ತಗೋ, ನನ್ನಂಗ ಮಾತಾಡು, ಅವರಿಗೆ ಗೊತ್ತಾಗತೈತೇನು ನೋಡೂಣು, ನಾನು ಹಲೋ ಅಂದೆ, ಹೂಂ ರೀ ಅಂದೆ, ಊಟ ಆತೇನ್ರಿ ಅಂದೆ, ಅವರು ಸಾರವಾಡದ ಹೊಲದ ಬೋರಿಗೆ ನೀರು ಬಿದ್ದ ಸುದ್ದಿಯನ್ನೆಲ್ಲ ಹೇಳಿದರು, ಅಕ್ಕ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು, ದಿಂಬಿಗೆಲ್ಲ ಎಣ್ಣೆ, ನಾಳಿ ಮಾಡ್ತೀನಿ ವಿಜಯಾ ಅಂದು ಅವರು ಇಟ್ಟರು, ನಾನು ಗೆದ್ದವಳ ಹಾಗೆ ತಿರುಗಿದೆ, ಅಕ್ಕ ನಗುತ್ತಿರಲಿಲ್ಲ, ಗೊತ್ತಾಗಲೇ ಇಲ್ಲಲ್ಲ ಅವರಿಗೆ, ಅಂದಳು, ಅಷ್ಟೇ, ಬಾಚಣಿಗೆ ಎತ್ತಿಕೊಂಡು ಒಳಗೆ ಹೋದಳು — ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಇಬ್ಬರಿಗೆ ಗೊತ್ತಿದ್ದದ್ದು ಈಗ ಒಬ್ಬಳಿಗೆ, ನಡೆದೇ ಇಲ್ಲವೇನೋ ಅನ್ನಿಸುತ್ತದೆ ಕೆಲವು ಸಲ, ಬಾಡಿಗೆ ಕೋಣೆಯಲ್ಲಿ ತಾಟಿನ ಮುಂದೆ ಕೂತಾಗ ಸುಮ್ಮನೆ ಜೋರಾಗಿ ಹಲೋ ಅಂದು ನೋಡುತ್ತೇನೆ, ಅಕ್ಕ ಬರುತ್ತಾಳೆ, ಒಂದೇ ಮಾತಿನಷ್ಟು, ಎರಡನೇ ಮಾತಿಗೆ ನಾನೇ.

ಮತ್ತೆ ಫೋನು, ಅವ್ವನದಲ್ಲ, ತಿಕೋಟಾದ ಗೇಟಿನ ಸತೀಶಕುಮಾರ, ಮೇಡಂ, ಸರ್ವರ್ ಬಂತ್ರಿ, ಏನ್ ತಿನಿಸೀರಿ ಅದಕ್ಕ, ಮೊದಲಿಗಿಂತ ಜೋರ್ ಓಡಾಕತ್ತೈತಿ — ಬಂತು ಅಂದರೆ, ಹಳೆಯದನ್ನು ನಾನಿನ್ನೂ ಎಬ್ಬಿಸಿಯೇ ಇಲ್ಲ, ಅಂಕಣದ ಹಿಂದೆ ಬಗ್ಗಿ ನೋಡಿದೆ, ಎರಡು ತಂತಿ, ಒಂದು ಪೆಟ್ಟಿಗೆಗೆ ಹೋಗುವುದು, ಒಂದು ಹೊರಗೆ, ಹೊರಗಿನದನ್ನು ಕಿತ್ತಿಡಬೇಕಿತ್ತು, ಹೆಸರು ವಿಳಾಸ ಬದಲಿಸುವವರೆಗೆ ಅದು ಯಾರ ಕಣ್ಣಿಗೂ ಬೀಳಬಾರದಿತ್ತು, ಅವ್ವನ ಮಾತಿನಲ್ಲಿ ಮರೆತೆ, ಇದು ಎದ್ದ ಕೂಡಲೇ ನಾನೇ ತಿಕೋಟಾ-ಒಂದು ಅಂದಿದೆ, ಅಲ್ಲಿಯ ಥಂಡಿ ಅಳೆಯುವ ಯಂತ್ರಗಳು, ಗೇಟಿನ ಸ್ಕ್ಯಾನರು, ಎಲ್ಲ ಬಂದು ಇದರ ಕೈ ಹಿಡಿದಿವೆ, ಒಂದಾದರೂ ನೀನು ಯಾರು ಅನ್ನಲಿಲ್ಲ, ಒಂದಾದರೂ ಅರೆಗಳಿಗೆ ಅನುಮಾನಿಸಲಿಲ್ಲ, ಮೇಡಂ, ಅದೀರೇನ್ರಿ, ಅದೀನಿ, ಸತೀಶ, ಅದು ಅದ ಅಲ್ಲಪಾ, ಬ್ಯಾರೆ, ಬ್ಯಾರೆ ಅಂದ್ರೇನ್ರಿ, ಎಲ್ಲಾ ಇದ್ದಂಗ ಐತಿ, ಹೆಸರೂ ಅದ ತೋರಸಾಕತ್ತೈತಿ, ನಮಗೇನ್ರಿ, ನಡದ್ರ ಸಾಕು, ಸಾಕಾಗೂದಿಲ್ಲ ಅಂದೆ, ಹಳೇದು ಬರೂತನಕ ಏನೂ ಮುಟ್ಟಬ್ಯಾಡ — ತಂತಿ ಕಿತ್ತೆ, ಟಿಕ್ಕೆಂದಿತು, ಹಳೆಯದರ ಬಟನ್ ಒತ್ತಿದೆ, ಫ್ಯಾನು ತಿರುಗಿತು, ತನ್ನ ಜಾಗದಲ್ಲಿ ಯಾರೋ ಕೂತು ಎದ್ದುಹೋದದ್ದು ಅದಕ್ಕೆ ಗೊತ್ತಿಲ್ಲ, ಇಲ್ಲಿ ಹಳೆಯದನ್ನು ಎಬ್ಬಿಸಬಹುದು, ಈ ಕೆಲಸದಲ್ಲಿ ಅದೊಂದೇ ಸುಖ, ಹೊಸದರ ಪರದೆಗೆ ಬಂದೆ, ಹೆಸರು ಅಳಿಸಿದೆ, ಅಕ್ಷರ ಒಂದೊಂದಾಗಿ ಹಿಂದಕ್ಕೆ ಹೋದವು, ಖಾಲಿ ಜಾಗ, ಅದರ ತುದಿಯಲ್ಲಿ ಮಿಣುಕುವ ಗೆರೆ, ಇಲ್ಲಿ ಬಬಲೇಶ್ವರ ಅಂತ ಬರೆಯಬೇಕು, ಬೆರಳು ಏಳುತ್ತಿಲ್ಲ, ಕಿಟಕಿಯಾಚೆ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಸದ್ದು ಇಳಿಯುತ್ತಿದೆ, ಸಂಜೆಯಾಯಿತು, ಅವ್ವನ ಫೋನು, ಏನಂತಿ ಮತ್ತ, ಅವ್ವಾ ಅಂದೆ, ಕೂಸಿಗೆ ನಾ ಚಿಗವ್ವ, ಚಿಗವ್ವ ಆಗೇ ಇರ್ತೀನಿ, ದಿನಾ ಬೇಕಾದ್ರ ಹೋಗಿ ನೋಡಿ ಬರ್ತೀನಿ, ಅಂದ್ರೇನ ಅಂದಳು ಅವ್ವ, ಅಂದ್ರ ನಾ ಅಕಿ ಅಲ್ಲಬೇ — ಅಂದೆ, ಅಂದುಬಿಟ್ಟೆ, ಧ್ವನಿ ಅಕ್ಕನದೇ ಬಂತು, ನಾಳೆ ಅವ್ವ ಕೊಡಲಿದ್ದದ್ದು ನನ್ನನ್ನಲ್ಲ, ಮರಳಿ ಪಡೆಯಲಿದ್ದದ್ದು ವಿಜಯಾಳನ್ನು, ಅದನ್ನು ಕಿತ್ತುಕೊಂಡೆ, ಅವ್ವಾ, ಅದೀಯೇನ, ಉಸಿರಿದೆ, ಮಾತಿಲ್ಲ, ಇಡುತ್ತಲೂ ಇಲ್ಲ, ಏನಾದರೂ ಅನ್ನಬೇ, ಬೈಯರೆ ಬೈ, ಖಾಲಿ ಜಾಗದಲ್ಲಿ ಗೆರೆ ಮಿಣುಕುತ್ತಿದೆ, ಅದರಾಚೆ ಎರಡು ಹಸಿರು ದೀಪ, ಎರಡು ಚುಕ್ಕೆ, ಮೂಗಿಗೆ ಒಂದು ಗೆರೆ, ಅದರ ಕೆಳಗೆ ಬಾಯಿಯ ಜಾಗದಲ್ಲಿ ನುಣ್ಣನೆಯ ತಗಡು, ಬರೀ ತಗಡು