ಎಂಟರ ಸ್ಪ್ಯಾನರ್

ಸೇತುವೆ ಏರುವಾಗ ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು. ಎಂಜಿನ್ ಮಾತ್ರ ತನ್ನ ಪಾಡಿಗೆ ಗುರುಗುಟ್ಟುತ್ತಲೇ ಇತ್ತು.

"ಚಿಕ್ಕಪ್ಪ, ಮತ್ತೆ ಬಿತ್ತು," ಎಂದಳು ಅಣ್ಣನ ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ.

ಎಂಜಿನ್ನಿನ ಸುತ್ತು ತೋರಿಸುವ ಆ ಟ್ಯಾಕೋಮೀಟರನ್ನು ಪಕ್ಕದಲ್ಲಿ ಕೂತಿದ್ದ ಅವನು ನೋಡಿದ. ಹಿಂದೆ, ಬ್ರೆಡ್ಡಿನ ಟ್ರೇಗಳನ್ನು ಇಳಿಸಿದ ಜಾಗದಲ್ಲಿ ಅಣ್ಣ ಮಲಗಿದ್ದ, ಅವನ ತಲೆಯ ಬಳಿ ಅತ್ತಿಗೆ ಕೂತಿದ್ದಳು. ಈ ಹಳೆಯ ಡೀಸೆಲ್ ವ್ಯಾನಿನಲ್ಲಿ ಇಪ್ಪತ್ತೆರಡು ವರ್ಷ ಬೇಕರಿಯ ಬ್ರೆಡ್ಡು ಹಂಚಿದವನು ಇವತ್ತು ತಾನೇ ಸರಕಾಗಿ ಸ್ಮಶಾನಕ್ಕೆ ಹೊರಟಿದ್ದ. ತಮ್ಮನದು ಗಾಡಿಗಳ ವೈರಿಂಗ್ ಕೆಲಸ, ಊರಿಗೆಲ್ಲ ಅವನು ಫ್ಯೂಸಣ್ಣ. ಬೆಳಗಿನಿಂದ ಅವನಿಗೆ ಅಳು ಬಂದಿರಲಿಲ್ಲ. ಬರಬೇಕಿತ್ತು ಎಂಬುದು ಗೊತ್ತಿತ್ತು, ಅಷ್ಟೇ. ಊರಿನ ಗಾಡಿಗಳಿಗೆಲ್ಲ ಫ್ಯೂಸು ಹಾಕಿದವನಿಗೆ ತನ್ನದು ಎಲ್ಲಿ ಹೋಗಿದೆ ಎಂದು ತಿಳಿಯಲಿಲ್ಲ.

"ಇನ್ಮೇಲೆ ನಾನೇ ಓಡಿಸ್ಬೇಕು," ಎಂದಳು ಅವಳು. "ಎಂಜಿನ್ ಸದ್ದು ಹಿಡಿಯೋಕೆ ನಂಗೆ ಅಪ್ಪನ ಕಿವಿ ಇಲ್ಲ, ಮುಳ್ಳು ಬೇಕು. ಇವತ್ತೇ ಒಂದ್ಸಲ ಗಟ್ಟಿಯಾಗಿ ಸರಿ ಮಾಡ್ಕೊಡಿ."

ಆಗಲಿ ಎಂದ. ಮುಳ್ಳು ಒಂಬತ್ತು ವರ್ಷಗಳಿಂದ ಯಾಕೆ ಬೀಳುತ್ತಿದೆ ಎಂಬುದು ತನ್ನೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ.

*

ಹನ್ನೊಂದು ವರ್ಷದ ಹಿಂದೆ, ಇಬ್ಬರ ಅಪ್ಪ ತೀರಿಕೊಂಡ ದಿನ ಅಣ್ಣ ಬ್ರೆಡ್ಡು ಹಂಚಿ ಮುಗಿಸಿಯೇ ಬಂದಿದ್ದ. "ನಿಂಗೆ ಅಪ್ಪನಿಗಿಂತ ಬ್ರೆಡ್ಡೇ ಹೆಚ್ಚಾಯ್ತು," ಎಂದು ನಾಲ್ಕು ಜನರೆದುರು ತಮ್ಮ ಅಂದುಬಿಟ್ಟ. ಮಾತು ಆಡಿದರೆ ಹೋಯಿತು. ಎರಡು ವರ್ಷ ಅಣ್ಣ ಇತ್ತ ತಲೆ ಹಾಕಲಿಲ್ಲ. ಆಮೇಲೊಂದು ಮಧ್ಯಾಹ್ನ ವ್ಯಾನು ತಮ್ಮನ ವೈರಿಂಗ್ ಅಂಗಡಿಯ ಮುಂದೆ ನಿಂತಿತು. ಮುಳ್ಳು ಏಳುತ್ತಿಲ್ಲ ಎಂದ ಅಣ್ಣ.

ತಮ್ಮ ಮೊದಲು ಫ್ಯೂಸು ನೋಡಿದ, ಸರಿ ಇತ್ತು. ಮೀಟರು ಬಿಚ್ಚಿ ಅರ್ಥ್ ವೈರು ಕೆರೆದು ಕೂರಿಸಿದ, ಮುಳ್ಳು ಮಲಗಿಯೇ ಇತ್ತು. ಬೆಲ್ಟು ಒತ್ತಿ ನೋಡಿದ. ಕೊನೆಗೆ ಸಿಕ್ಕಿತು: ಡೈನಮೋ ಹಿಂದುಗಡೆ, ಮುಳ್ಳಿಗೆ ಸುದ್ದಿ ಒಯ್ಯುವ ಸಣ್ಣ ವೈರು ಕಳಚಿ ನೇತಾಡುತ್ತಿತ್ತು. ಅಷ್ಟರಲ್ಲಿ ಇಬ್ಬರೂ ಎರಡು ಸಲ ಟೀ ಕುಡಿದಿದ್ದರು. ಅಣ್ಣ ಉದ್ದಕ್ಕೂ ಟಾರ್ಚು ಹಿಡಿದು ನಿಂತಿದ್ದ. ವೈರು ಕೂರಿಸಿ ನಟ್ಟಿಗೆ ಸ್ಪ್ಯಾನರ್ ಹಾಕಲು ಹೋದ ತಮ್ಮ ತನ್ನ ಕೈಯನ್ನು ತಾನೇ ತಡೆದ. ಬೆರಳಿನಲ್ಲೇ ತಿರುಗಿಸಿ ಬಾನೆಟ್ ಮುಚ್ಚಿದ.

ತಿಂಗಳು ತುಂಬುವುದರೊಳಗೆ ಎಂಜಿನ್ನಿನ ನಡುಕಕ್ಕೆ ನಟ್ಟು ಸಡಿಲಾಯಿತು. ಅಣ್ಣ ಬಂದ. ಟೀ, ಟಾರ್ಚು, ಬೆರಳು. ಒಂಬತ್ತು ವರ್ಷ ಇದೇ ನಡೆಯಿತು. ತಪ್ಪಾಯ್ತು ಕಣಣ್ಣ ಎಂಬ ಮಾತು ಪ್ರತಿಸಲವೂ ನಾಲಿಗೆಯ ತುದಿಗೆ ಬರುತ್ತಿತ್ತು. ಮುಂದಿನ ಸಲ ಹೇಳಿದರಾಯಿತು, ಹೇಗೂ ನಟ್ಟು ಸಡಿಲವೇ ಇದೆಯಲ್ಲ ಎಂದುಕೊಳ್ಳುತ್ತಿದ್ದ.

*

ಮಣ್ಣು ಹಾಕಿದ ಮೇಲೆ ಜನ ಒಬ್ಬೊಬ್ಬರಾಗಿ ಕರಗಿದರು. ಸ್ಮಶಾನದ ಗೇಟಿನ ನಲ್ಲಿಯಲ್ಲಿ ಕೈ ತೊಳೆಯುತ್ತ ಬೇಕರಿ ಯಜಮಾನ ಅಣ್ಣನನ್ನು ಹೊಗಳಿದ. ಇಷ್ಟು ವರ್ಷದಲ್ಲಿ ಒಂದು ಕೇಕೂ ಜಜ್ಜಲಿಲ್ಲವಂತೆ.

"ಗೇರ್ ಹಾಕೋಕೆ ಅವನಿಗೆ ಕಿವಿ ಸಾಕಿತ್ತು. ಆ ಮೀಟರ್ ಮೇಲೆ ಅಂಗಡಿಗಳ ಚೀಟಿ ಸಿಗಿಸಿ ಇಡ್ತಿದ್ದ. ಮುಳ್ಳು ಕಾಣ್ತಾನೇ ಇರ್ಲಿಲ್ಲ."

ಮಾತು ತಮ್ಮನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವನು ವ್ಯಾನಿನ ಬಳಿ ಹೋಗಿ ಬಾನೆಟ್ ಎತ್ತಿದ. ಅತ್ತಿಗೆ ಆಗಲೇ ಒಳಗೆ ಕೂತು ಖಾಲಿ ಜಾಗವನ್ನು ನೋಡುತ್ತಿದ್ದಳು.

ಹುಡುಗಿ ಬಂದು ಸ್ಪ್ಯಾನರ್ ಚಾಚಿದಳು. ಎಂಟರ ಅಳತೆಯದ್ದು. ಆ ನಟ್ಟಿಗೆ ಹಿಡಿಯುವುದು ಅದೊಂದೇ.

"ಇದೆಲ್ಲಿತ್ತು?"

"ಡ್ಯಾಶ್‌ಬೋರ್ಡಲ್ಲಿ, ಯಾವಾಗ್ಲೂ. ನಾನು ಬಿಗಿ ಮಾಡ್ತೀನಿ ಅಂದ್ರೆ ಅಪ್ಪ ಬಿಡ್ತಿರ್ಲಿಲ್ಲ. ಅದು ನಿನ್ ಚಿಕ್ಕಪ್ಪನ ನಟ್ಟು, ಮುಟ್ಬೇಡ ಅಂತಿದ್ರು."

ಅವನು ಸ್ಪ್ಯಾನರನ್ನು ತಿರುಗಿಸಿ ನೋಡಿದ. ಅದರ ಬಾಯಿಯಲ್ಲಿ ಒಂದು ಗೀರೂ ಇರಲಿಲ್ಲ. ಈಗಲಾದರೂ ಅಳು ಬರುತ್ತದೆ ಎಂದು ಕಾದ, ಬರಲಿಲ್ಲ. ಬಗ್ಗಿ ವೈರು ಕೂರಿಸಿದ. ನಟ್ಟನ್ನು ಬೆರಳಿನಲ್ಲಿ ಕೊನೆತನಕ ತಿರುಗಿಸಿದ. ಸ್ಪ್ಯಾನರನ್ನು ನಟ್ಟಿಗೆ ಹಾಕಿದ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ತೆಗೆದ.

"ಸಾಕಾ ಚಿಕ್ಕಪ್ಪ?"

"ಸದ್ಯಕ್ಕೆ ಸಾಕು."

ಅವಳು ಅವನ ಬೆರಳುಗಳನ್ನು ನೋಡಿದಳು. ಸ್ಪ್ಯಾನರ್ ಇಸಿದುಕೊಂಡು, ಒರೆಸಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇದ್ದ ಜಾಗದಲ್ಲೇ ಇಟ್ಟು ಮುಚ್ಚಿದಳು.

"ಬರೋ ತಿಂಗ್ಳು ಅಂಗಡಿ ಹತ್ರ ಬರ್ತೀನಿ ಹಾಗಾದ್ರೆ."

"ಬಾ," ಎಂದ.

ಅವಳು ಕೀಲಿ ತಿರುಗಿಸಿದಳು. ಮುಳ್ಳು ಎದ್ದು ಎಂಟುನೂರರ ಹತ್ತಿರ ನಿಂತು, ಸಣ್ಣಗೆ ನಡುಗತೊಡಗಿತು.