ಇಪ್ಪತ್ಮೂರು ಸಲ ಕಾಯಿಪಲ್ಲೆ

೧
ಈ ಕಥೆಯನ್ನು ಯಾವ ತಾರೀಕಿನಿಂದ ಶುರು ಮಾಡಲಿ? ದಾಮೋದರರಾಯರ ಲ್ಯಾಪ್‌ಟಾಪಿನಲ್ಲಿ ಪ್ರತಿ ಖರ್ಚಿಗೂ ಎರಡು ತಾರೀಕುಗಳಿವೆ: ಖರ್ಚಾದ ದಿನ, ಅದನ್ನು ಬರೆದಿಟ್ಟ ದಿನ. ನನ್ನ ಹತ್ತಿರ ಒಂದೂ ಇಲ್ಲ.

(ಮೊದಲ ಡ್ರಾಫ್ಟು ಸೊಲ್ಲಾಪುರದ ಬಿಸಿಲಿನಿಂದ ಶುರುವಾಗಿತ್ತು. ಹರಿದು ಹಾಕಿದೆ. ಅಲ್ಲಿಯವರಿಗೆ ಬಿಸಿಲೇನು ಸುದ್ದಿಯೇ?)

೨
ಸೊಲ್ಲಾಪುರದಲ್ಲಿ ಹೆಡ್‌ಕ್ಲರ್ಕ್ ಆಗಿ ನಿವೃತ್ತರಾದ ದಾಮೋದರರಾಯರು ಆರು ವರ್ಷದಿಂದ ಮನೆಯ ಲೆಕ್ಕವನ್ನು ಸಾಫ್ಟ್‌ವೇರಿನಲ್ಲಿ ಇಟ್ಟಿದ್ದಾರೆ. ಒಂದು ಪೈಸೆಯೂ ಆಚೀಚೆ ಆಗಿಲ್ಲ. ಬಂದವರಿಗೆ ಚಹಾಕ್ಕಿಂತ ಮೊದಲು ಅದನ್ನೇ ತೋರಿಸುತ್ತಾರೆ. ಮೊನ್ನೆ ಅಳಿಯ ಶೈಲೇಶನಿಗೆ ತೋರಿಸುವಾಗ ಬೆರಳು ತಪ್ಪಿತು. ಪಟ್ಟಿ, ಬರೆದ ದಿನದ ಪ್ರಕಾರ ಜೋಡಣೆಯಾಯಿತು. ‘ಕಾಯಿಪಲ್ಲೆ, ಎಂಬತ್ತು ರೂಪಾಯಿ’ ಎಂಬ ಸಾಲು ಇಪ್ಪತ್ಮೂರು ಸಲ ಒಂದರ ಕೆಳಗೊಂದು ಬಂದು ನಿಂತಿತು. ಖರ್ಚಾದ ದಿನಗಳು ಆರು ತಿಂಗಳಲ್ಲಿ ಹರಡಿದ್ದವು; ಬರೆದದ್ದು ಒಂದೇ ಮಧ್ಯಾಹ್ನ, ಲ್ಯಾಪ್‌ಟಾಪು ಮನೆಯಲ್ಲೇ ಬಿಟ್ಟು ರಾಯರು ಒಬ್ಬರೇ ಅಕ್ಕಲಕೋಟೆಗೆ ದರ್ಶನಕ್ಕೆ ಹೋಗಿದ್ದ ದಿನ.

ಬ್ಯಾಟರಿ ಮುಗಿಯಿತೆಂದು ಅಳಿಯನಿಗೆ ಹೇಳಿ ಲ್ಯಾಪ್‌ಟಾಪು ಮುಚ್ಚಿದರು.

೩
(ಇಲ್ಲೊಂದು ಗುಟ್ಟು ಬೇಕಲ್ಲ? ಹೆಂಡತಿ ಗೋದೂಬಾಯಿ ದುಧನಿ ಊರಿನಲ್ಲಿರುವ ತಮ್ಮನಿಗೆ ಕದ್ದು ಹಣ ಕೊಟ್ಟರು ಎಂದು ಬರೆದೆ. ಮೆಂತ್ಯ ಸೊಪ್ಪು ಸೋಸುತ್ತಿದ್ದ ಆಕೆ ತಲೆ ಎತ್ತದೆ ನನಗೇ ಹೇಳಿದರು: “ನನ್ನ ತಮ್ಮನ್ನ ಯಾಕ ನಡುವ ತರ್ತೀರಿ? ಅವಂಗ ಕೊಡೂದಿದ್ರ ಇವರ ಮುಂದನ ಕೊಡ್ತಿದ್ದೆ.” ಆ ಸಾಲನ್ನು ಹೊಡೆದು ಹಾಕಿದೆ.)

೪
ಅಳಿಯ ಹೋದ ಮೇಲೆ ರಾಯರು ಕೇಳಿದರು. ಗೋದೂಬಾಯಿ ಏನನ್ನೂ ಮುಚ್ಚಿಡಲಿಲ್ಲ.

“ಸಾವಿರದ ಎಂಟನೂರಾ ನಲವತ್ತು ತಾಳೆ ಹತ್ತಲಿಲ್ಲಂತ ಮೂರ ದಿನ ನೀವು ನೆಟ್ಟಗ ಊಟ ಮಾಡ್ಲಿಲ್ಲ. ನಾ ಕೂಡಿಸಿಬಿಟ್ಟೆ.”

“ಮತ್ತ ರೊಕ್ಕ ಎಲ್ಲಿ ಹೋತು?”

“ಕಳದಾವ್ರು ನೀವು. ನನಗ ಹ್ಯಾಂಗ ಗೊತ್ತಿರತದ?”

ರಾಯರಿಗೆ ನೆನಪಾಯಿತು. ನಾಲ್ಕನೆಯ ದಿನ ಲೆಕ್ಕ ಕೂಡಿತೆಂದು ಅವರು ಇಡೀ ಕಟ್ಟಡಕ್ಕೆ ಪೇಢೆ ಹಂಚಿದ್ದರು. ಇನ್ನೊಂದೂ ನೆನಪಾಯಿತು. ನೌಕರಿಯಲ್ಲಿದ್ದಾಗ, ಇಂಥದೇ ಒಂದು ಸುಳ್ಳು ಎಂಟ್ರಿಗಾಗಿ ಸಿದ್ಧೇಶ್ವರ ಎಂಬ ಗುಮಾಸ್ತನ ಇನ್‌ಕ್ರಿಮೆಂಟು ನಿಲ್ಲಿಸಿದವರು ಅವರೇ. ಅವನೂ ಯಾರನ್ನೋ ಉಣ್ಣಿಸಲೆಂದೇ ಬರೆದಿದ್ದನೇ? ಆಗ ಅವರು ಕೇಳಿರಲಿಲ್ಲ.

೫
ಮುಕ್ತಾಯ ಒಂದು: ರಾಯರು ನಕ್ಕುಬಿಡುತ್ತಾರೆ. (ಅವರು ಒಪ್ಪಲಿಲ್ಲ.)

ಮುಕ್ತಾಯ ಎರಡು: ಸಿದ್ಧೇಶ್ವರನಿಗೆ ಫೋನು ಮಾಡುತ್ತಾರೆ. (ನಂಬರು ಇಲ್ಲ ಅಂದರು. ಇದ್ದೇ ಇದೆ.)

ನಿಜವಾಗಿ ಆದದ್ದಿಷ್ಟು. ಇಪ್ಪತ್ಮೂರನ್ನೂ ಆರಿಸಿ ಡಿಲೀಟ್ ಒತ್ತಿದರು. ಖಾತ್ರಿಯೇ ಎಂದು ಯಂತ್ರ ಕೇಳಿತು.

“ಇವನ್ನ ತಗದ್ರ ಮತ್ತ ಕಡಿಮಿ ಬೀಳತದ,” ಅಂದರು ರಾಯರು.

“ಬೀಳ್ಲಿ. ಈ ಸಲ ನಾ ಬರಿಯಂಗಿಲ್ಲ.”

ಬೆರಳು ಅಲ್ಲೇ ನಿಂತಿತು. ಕಥೆ ನಿಮ್ಮದು, ನೀವೇ ಒತ್ತಿರಿ ಎಂದು ರಾಯರು ನನ್ನ ಕಡೆ ನೋಡಿದರು. ನನಗೂ ಧೈರ್ಯವಾಗಲಿಲ್ಲ. ಓದುಗರೇ, ನಿಮ್ಮನ್ನು ಕೇಳೋಣವೆಂದುಕೊಳ್ಳುವಷ್ಟರಲ್ಲಿ ಗೋದೂಬಾಯಿ ಎರಡು ತಾಟು ಹಾಕಿ, ಒಳಗೆ ಹೋಗಿ, ಮೂರನೆಯದನ್ನೂ ತಂದರು.

“ನೀವೂ ಬರ್ರಿ,” ಅಂದರು. “ಅದೇನ ಓಡಿ ಹೋಗಂಗಿಲ್ಲ.”