ಹಾವಿನ ಸಿಂಬಿ

ಆ ಹುಡುಗರು ತನ್ನನ್ನು 'ಅಣ್ಣಾ' ಎಂದು ಕರೆಯುವುದು ತನಗೆ ಹಿತವಾಗತೊಡಗಿದೆ ಎಂದು ಭಾಗೀರಥಿ ಒಂದು ಮಧ್ಯಾಹ್ನ, ಝೆರಾಕ್ಸ್ ಯಂತ್ರದ ಮುಂದೆ ನಿಂತು, ತನ್ನೊಳಗೇ ಒಪ್ಪಿಕೊಂಡಳು. ದೊಡ್ಡ ಪಾಪವೇನಲ್ಲ. ಆದರೂ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅದು ಕಾಡುತ್ತಿತ್ತು. ಮದುವೆಯ ವಯಸ್ಸಿಗೆ ಬಂದ ಹುಡುಗಿಯನ್ನು ಯಾರೋ 'ಉಂಡೇನಣ್ಣಾ?' ಎಂದು ಕೇಳಿದರೆ ನಗು ಬರಬೇಕು. ಈಕೆಗೆ ಬರುತ್ತಿರಲಿಲ್ಲ. ಬೈಲಹೊಂಗಲದಲ್ಲಿ ಆಕೆಯನ್ನು ಉಂಡೆಯಾ ಎಂದು ಕೇಳುವವರು ಬೇರೆ ಯಾರಿದ್ದರು?

ಕಂಪ್ಯೂಟರ್ ಪದವಿ ಮುಗಿಸಿ ಮಲಕಾಜಪ್ಪನವರ ಝೆರಾಕ್ಸ್ ಅಂಗಡಿಗೆ ಸೇರಿದ್ದಳು. ಪ್ಯಾಟಿಯ ಒಳಗಿನ ಓಣಿಯಲ್ಲಿ ಒಂದು ಬಾಡಿಗೆ ಖೋಲಿ. ಮಲಕಾಜಪ್ಪನವರು ಗಿರಾಕಿಗಳ ಜೊತೆ ಹತ್ತಿಯ ದರ, ಮಗಳ ಬಾಣಂತನ, ಮೊಣಕಾಲು ನೋವು ಎಲ್ಲವನ್ನೂ ಮಾತಾಡಿ, ಕೊನೆಗೆ ಹಿಂದೆ ತಿರುಗದೆಯೇ "ಭಾಗೀ, ಎರಡ ಕಾಪಿ" ಎನ್ನುತ್ತಿದ್ದರು. ಆಕೆ ಕಾಪಿ ತೆಗೆದು ಕೊಡುತ್ತಿದ್ದಳು. ಒಳ್ಳೆಯ ಮನುಷ್ಯರೇ. ಆದರೆ ಸಂಜೆ ಖೋಲಿಗೆ ಬಂದು ಬೀಗ ತೆಗೆಯುವಾಗ, ಇವತ್ತು ನಾನು ಒಂದಾದರೂ ಪೂರಾ ಮಾತು ಆಡಿದೆನೆ ಎಂದು ಆಕೆ ನೆನಪಿಸಿಕೊಳ್ಳಬೇಕಾಗುತ್ತಿತ್ತು.

ಮಾತು ಇದ್ದದ್ದು ರವಿವಾರ. ಅದೂ ಬೆರಳಿನ ಮಾತು.

ರವಿವಾರ ಹ್ಯಾಕಿಂಗ್ ಪಂದ್ಯಗಳು ನಡೆಯುತ್ತಿದ್ದವು. ಕಳ್ಳತನವಲ್ಲ; ಪಂದ್ಯ ನಡೆಸುವವರೇ ಬೀಗ ಹಾಕಿಟ್ಟ ಜಾಲತಾಣಗಳ ಒಳಗೆ ಹೊಕ್ಕು, ಅಲ್ಲಿ ಬಚ್ಚಿಟ್ಟ ಒಂದು ಪದವನ್ನು ಹುಡುಕಿ ತರಬೇಕು. ರಾಮದುರ್ಗದ ಶಿವಲಿಂಗ, ಕಿತ್ತೂರಿನ ಸುನೀಲ, ಜೊತೆಗೆ ಈಕೆ. ಮೂವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹೆಸರು ಕೇಳಿದ ಜಾಗದಲ್ಲಿ ಭಾಗೀರಥಿ ಮೊದಲ ದಿನ ಅಂಜುತ್ತಲೇ 'ಬೀರ' ಎಂದು ಹಾಕಿದ್ದಳು. ಅವ್ವನ ಹೆಸರು ಬೀರವ್ವ, ಅದರ ಅರ್ಧ. ಹುಡುಗರು ಅದನ್ನು ಬೀರಪ್ಪ ಎಂದುಕೊಂಡರು. ಆ ಸೀಮೆಯಲ್ಲಿ ಇನ್ನೇನು ಅಂದುಕೊಂಡಾರು? ಮರುವಾರಕ್ಕೆ ಬೀರಣ್ಣ ಆಯಿತು. ಅವರಿಬ್ಬರೂ ಮೈಕಿನಲ್ಲಿ ಹರಟುತ್ತಿದ್ದರು. ಈಕೆ, ನನ್ನ ಮೈಕ್ ಕೆಟ್ಟಿದೆ ಎಂದು ಬರೆದು, ಕೇಳುತ್ತ ಕೂರುತ್ತಿದ್ದಳು. ಸುನೀಲನ ಮನೆಯ ಎಮ್ಮೆ ಒದರುವುದು, ಅವನವ್ವ "ಆ ಡಬ್ಬಿ ಮುಂದಿಂದ ಏಳೋ" ಎಂದು ಬೈಯುವುದು ಎಲ್ಲ ಕಿವಿಗೆ ಬೀಳುತ್ತಿತ್ತು. ಹತ್ತಿರದ ಬಳಗದವರ ಮನೆಯಲ್ಲಿ ಕುಳಿತಂತೆ ಅನ್ನಿಸುತ್ತಿತ್ತು.

ತಂಡಗಳ ಹೆಸರು ಓದಿದರೆ ಪುರಾಣ ಪ್ರವಚನಕ್ಕೆ ಬಂದಂತಾಗುತ್ತಿತ್ತು. ತ್ರಿನೇತ್ರ, ಬ್ರಹ್ಮಾಸ್ತ್ರ, ಸುದರ್ಶನ, ವೀರಭದ್ರನ ಜಡೆ. ಹೊರದೇಶದವರಲ್ಲಿ ತಲೆ ತುಂಬ ಹಾವಿರುವ ಗ್ರೀಕ್ ಹೆಣ್ಣು, ಒಂದು ತಲೆ ಕಡಿದರೆ ಎರಡು ಹುಟ್ಟುವ ಸರ್ಪ. ಮೀಸೆ ಮೂಡದ ಹುಡುಗರೆಲ್ಲ ದೇವರ ಕೈಯಿಂದ ಆಯುಧ ಕಸಿದುಕೊಂಡು ಬಂದು ನಿಂತಿದ್ದರು. ಸುಡುವ, ಕಡಿಯುವ, ಕೊಲ್ಲುವ ಹೆಸರುಗಳೇ ಎಲ್ಲ. ಹೊರುವವರ ಹೆಸರು ಒಂದೂ ಇರಲಿಲ್ಲ. ಸುನೀಲ ಕಾಲಭೈರವ ಎಂದಿಡಬೇಕೆಂದಿದ್ದ, ಆ ಹೆಸರಿನವು ಆಗಲೇ ಸಾಕಷ್ಟಿದ್ದವು. ಆಗ ಭಾಗೀರಥಿ ಬರೆದಳು: 'ಹಾವಿನ ಸಿಂಬಿ.'

ಸವದತ್ತಿ ಗುಡ್ಡದ ಎಲ್ಲವ್ವ ಸುಡದ ಉಸುಕಿನ ಕೊಡದಲ್ಲಿ ನೀರು ತರುವಾಗ, ತಲೆಯ ಮೇಲೆ ಕೊಡದ ಅಡಿಗೆ ಸಿಂಬಿಯಾಗಿ ಸುತ್ತಿಟ್ಟುಕೊಳ್ಳುತ್ತಿದ್ದದ್ದು ಜೀವಂತ ಹಾವನ್ನು. ಆ ಭಾಗದ ಕೂಸಿಗೂ ಗೊತ್ತಿರುವ ಕತೆ.

"ಏ ಬೀರಣ್ಣಾ, ಎಲ್ಲಿಂದ ಹುಡಿಕಿದ್ಯೋ ಮಾರಾಯಾ!" ಎಂದು ಶಿವಲಿಂಗ ಕೂಗಿದ್ದ. ಆಕೆ ಕೊಟ್ಟದ್ದೊಂದನ್ನು ಯಾರೋ ತೆಗೆದುಕೊಂಡು ಇಟ್ಟುಕೊಂಡದ್ದು ಅದೇ ಮೊದಲು. ಆ ಹೆಸರಿನಲ್ಲೇ ಅವರು ಒಂದೊಂದೇ ಸುತ್ತು ದಾಟಿ ಕೊನೆಯ ಸುತ್ತಿಗೆ ಬಂದರು.

ಬಂದಮೇಲೆ ತಕರಾರು ಹುಟ್ಟಿತು. ಫೈನಲ್ಲಿಗೆ ಟೀ ಶರ್ಟ್ ಮಾಡಿಸಬೇಕು, ಎದೆಯ ಮೇಲೆ ಚಿತ್ರ ಇರಬೇಕು ಎಂದ ಶಿವಲಿಂಗ.

"ಸಿಂಬಿ ಚಿತ್ರ ತಗದ್ರ ಉದ್ದಿನವಡಿ ಕಂಡಂಗ ಕಾಣತೈತಲೇ," ಎಂದು ಸುನೀಲ ನಕ್ಕ. "ಮಂದಿ ಚಟ್ನಿ ಎಲ್ಲೈತಿ ಅಂತ ಕೇಳ್ತಾರ."

"ಅದಕ್ಕ ಹೇಳಾಕತ್ತೇನಿ," ಎಂದ ಶಿವಲಿಂಗ. " ಹೆಸರ ಬದಲ ಮಾಡೂಣು. ಪರಶು! ಪರಶುರಾಮನ ಕೊಡಲಿ. ಅವನೂ ನಮ್ಮ ಗುಡ್ಡದವನ, ಎಲ್ಲವ್ವನ ಮಗನ ಅಲ್ಲೇನ? ಕತಿ ಅದೇ, ದಮ್ಮ ಜಾಸ್ತಿ. ಸಿಂಬಿ ಅಂದ್ರ ಹೆಂಗಸೂರ ಸಾಮಾನಾತು."

'ಬ್ಯಾಡ,' ಎಂದು ಭಾಗೀರಥಿ ಬರೆದಳು. ಅವರ ನಗುವಿನಲ್ಲಿ ಅದನ್ನು ಯಾರೂ ನೋಡಲಿಲ್ಲ. ಮತ್ತೊಮ್ಮೆ ಬರೆದಳು.

"ಬ್ಯಾಡ ಅಂದ್ರ ಯಾಕ ಬ್ಯಾಡ? ಬಾಯಿಲೆ ಹೇಳಣ್ಣಾ," ಎಂದ ಶಿವಲಿಂಗ. "ಮುಂದಿನ ರವಿವಾರ ಮೈಕ್ ರಿಪೇರಿ ಮಾಡಿಸ್ಕೊಂಡು ಬಾ. ಸುಮ್ಮ ಕುಂತಿ ಅಂದ್ರ ಹೂಂ ಅಂದಂಗ. ಅವತ್ತ ಸಂಜಿಕ ಶರ್ಟ್ ಆರ್ಡರ್ ಹೋಗತೈತಿ."

ಮೈಕಿಗೆ ಏನೂ ಆಗಿರಲಿಲ್ಲ. ದನಿ ಹೊರಬಿದ್ದರೆ ಬೀರಣ್ಣ ಅಲ್ಲಿಗೆ ಮುಗಿದ. ಆಮೇಲೆ ಅವರು 'ರೀ ಮೇಡಂ' ಎನ್ನುತ್ತಾರೆ, ಬೈಗುಳ ನುಂಗಿಕೊಳ್ಳುತ್ತಾರೆ, ನಡುವೆ ನಿಶ್ಶಬ್ದಗಳು ಬರುತ್ತವೆ, ಒಂದು ರವಿವಾರ ಕರೆಯುವುದನ್ನೇ ಮರೆಯುತ್ತಾರೆ. ಕಾಲೇಜಿನಲ್ಲಿ ಹಾಗೇ ಆಗಿತ್ತು. ಬಾಯಿ ಬಿಡದಿದ್ದರೆ ಹೆಸರು ಹೋಗುತ್ತದೆ, ಅಷ್ಟೇ. ಹೆಸರು ಹೋದರೆ ಹೋಗಲಿ ಎಂದು ಸೋಮವಾರ ಅಂದುಕೊಂಡಳು. ಗುರುವಾರದ ಹೊತ್ತಿಗೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಶನಿವಾರ ಅಂಗಡಿ ಬೇಗ ಮುಚ್ಚಿತು. ಬಸ್ಸು ಹತ್ತಿ ತನ್ನೂರು ಹೂಲಿಗೆ ಹೋದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗ್ಗುಲಲ್ಲಿ ಅಣ್ಣನ ಮಕ್ಕಳು ಮೊಬೈಲಿಗಾಗಿ ಜಗಳ ತೆಗೆದಿದ್ದವು.

"ಯವ್ವಾ, ಎಲ್ಲವ್ವನ ತಲಿಮ್ಯಾಲಿನ ಹಾವು ಆಮ್ಯಾಲ ಎಲ್ಲಿಗ್ಹೋತು?"

"ಯಾವ ಹಾವ?"

"ಸಿಂಬಿ ಆಗಿತ್ತಲ್ಲ, ಅದು."

ಬೀರವ್ವ ಬಡಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದಳು. "ಬಸ್ಸ ಪುಕ್ಕಟ ಐತಿ ಅಂತ ಇದನ್ನ ಕೇಳಾಕ ಬಂದಿಯೇನ? ಇಷ್ಟ ಓದಿದಾಕಿ!"

"ಹೇಳಬೇ."

"ಎಲ್ಲಿಗ್ಹೋಗತೈತಿ? ಮನಸ ಆ ಕಡೆ ಸರೀತು, ಕೊಡಾ ಒಡೀತು. ಹಾವ ಇಳಕೊಂಡು ತನ್ನ ಹಾದಿ ಹಿಡದಿರತೈತಿ. ಕೊಡಾ ಒಡದ ಮ್ಯಾಲ ಸಿಂಬಿ ಯಾರ ಕೇಳ್ತಾರ ಬಿಡು."

"ಮುಂದ?"

"ಮುಂದಿಂದು ನಿನಗ ಗೊತ್ತಿಲ್ಲೇನ? ಉಣ್ಣೂ ಹೊತ್ತಿನ್ಯಾಗ ಅದನ್ನ ಆಡಿಸಬ್ಯಾಡ." ಅವ್ವ ಹಿಟ್ಟಿನ ಕೈಯಿಂದಲೇ ಕುತ್ತಿಗೆಯ ಬೆವರು ಒರೆಸಿಕೊಂಡಳು. "ಯಾಕ, ಅಲ್ಲೆ ಯಾರರೆ ಏನರೆ ಅಂದ್ರೇನ?"

"ಇಲ್ಲ."

"ಮಾತಾಡಾಕ ಯಾರರೆ ಅದಾರಿಲ್ಲೋ ನಿನಗ?"

"ಅದಾರ," ಎಂದಳು ಭಾಗೀರಥಿ, ಬಿಸಿ ರೊಟ್ಟಿಯನ್ನು ಕೈಯಿಂದ ಕೈಗೆ ಬದಲಿಸುತ್ತ. ಅವ್ವ ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಮಕ್ಕಳಲ್ಲೊಂದು ಅಳತೊಡಗಿತು, ಅವ್ವ ಆ ಕಡೆ ಎದ್ದುಹೋದಳು.

ರವಿವಾರ ಮುಂಜಾನೆಯ ಬಸ್ಸಿಗೆ ತಿರುಗಿ ಬಂದಳು. ಮಧ್ಯಾಹ್ನ ಖೋಲಿಯ ಬಾಗಿಲು ಹಾಕಿಕೊಂಡು ಕೂತಳು. ಹೊರಗೆ ಯಾರೋ ಕುಕ್ಕರಿನ ಸೀಟಿ ಎಣಿಸುತ್ತಿದ್ದರು. ಕರೆ ಬಂತು.

"ಬೀರಣ್ಣಾ, ಬಂದೇನ? ಉಂಡೇನ?" ಸುನೀಲ.

'ಹೂಂ,' ಎಂದು ಬರೆದಳು.

"ಮೈಕ್ ಏನಾತು?"

ಭಾಗೀರಥಿ ಪರದೆಯನ್ನು ಮೇಲಕ್ಕೆ ಸರಿಸಿದಳು.

ಶಿವಲಿಂಗ ಚಿತ್ರ ಕಳಿಸಿದ್ದ. ಕಪ್ಪು ಬಟ್ಟೆಯ ಮೇಲೆ ಬೆಳ್ಳಿಯ ಕೊಡಲಿ, ಅಲಗಿನ ಅಂಚಿಗೆ ಒಂದೇ ಒಂದು ಕೆಂಪು ಹನಿ. ಚಂದ ಬಿಡಿಸಿದ್ದ. ಹುಡುಗನ ಕೈಯಲ್ಲಿ ಕಲೆ ಇದೆ ಎಂದು ಅವಳಿಗೂ ಅನ್ನಿಸಿತು. ಆ ಹನಿಯನ್ನು ನೋಡುತ್ತ ಕೂತಳು. ಯಾರದ್ದು ಎಂದು ಆ ಹುಡುಗ ಒಮ್ಮೆಯಾದರೂ ಯೋಚಿಸಿದ್ದನೆ?

"ಜಬರ್ದಸ್ತ ಐತಲೇ," ಎಂದ ಸುನೀಲ. "ನಂದು ಹೂಂ."

"ನಂದೂ ಹೂಂ. ಬೀರಣ್ಣಾ?"

ಎಮ್ಮೆ ಒದರಿತು.

"ಬೀರಣ್ಣ ಸುಮ್ಮ ಅದಾನ. ಅಂದ್ರ ಹೂಂ. ಕಳಸ್ಲಿ?"

ಪರದೆಯ ಮೂಲೆಯಲ್ಲಿ ಅಡ್ಡಗೆರೆ ಎಳೆದ ಪುಟ್ಟ ಮೈಕಿನ ಗುರುತು. ಭಾಗೀರಥಿ ಅದನ್ನು ಒತ್ತಿದಳು. ಗೆರೆ ಹೋಯಿತು. ಮೊದಲು ಬಂದದ್ದು ಬರೀ ಉಸಿರು. ಅದು ಆಚೆ ಕೇಳಿಸಿರಬೇಕು. ದನಿ ತಾನು ನೆನೆದಿದ್ದಕ್ಕಿಂತ ಸಣ್ಣದಾಗಿ, ಆದರೆ ನಡುಗದೆ ಹೊರಬಂತು.

"ಕಳಸಬ್ಯಾಡ ಶಿವಲಿಂಗ. ಆ ಕೊಡಲಿ ಮೊದಲ ಕಡದದ್ದು ಹಡದವ್ವನ ಕುತ್ತಿಗಿ."